ಕೈ ಅಲುಗಾಡಲಿ, ಸೈಟ್ ಕದಲದಿರಲಿ: 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಶುರು ಮಾಡುವವರಿಗೆ

ರೇಂಜ್‌ಗೆ ಹೊಸದಾಗಿ ಬಂದವರ ಬಾಯಲ್ಲಿ ಮೊದಲ ವಾರ ಒಂದೇ ಮಾತು: "ಕೈ ನಿಲ್ತಾನೇ ಇಲ್ಲ." ಒಂದು ಕೆಜಿ ತೂಗುವ ಪಿಸ್ತೂಲನ್ನು ಒಂದೇ ಕೈಯಲ್ಲಿ ಚಾಚಿ ಹಿಡಿದರೆ ಯಾರ ಕೈಯೂ ನಿಲ್ಲುವುದಿಲ್ಲ. ಒಲಿಂಪಿಕ್ಸ್‌ಗೆ ಹೋದವರದ್ದೂ ಓಲಾಡುತ್ತದೆ, ಅವರದ್ದು ಸ್ವಲ್ಪ ಕಡಿಮೆ ಅಷ್ಟೆ. ಕೈ ನಿಲ್ಲುವವರೆಗೂ ಕಾದು, ನಿಂತ ಹಾಗೆ ಕಂಡ ಕ್ಷಣದಲ್ಲಿ ಟ್ರಿಗರ್ ಕಿತ್ತುಬಿಡುವುದೇ ನಮ್ಮ ಅರ್ಧ ತೊಂದರೆಗಳಿಗೆ ಮೂಲ. ನಾನು ಇದೇ ತಪ್ಪಿನಲ್ಲಿ ಒಂದೂವರೆ ವರ್ಷ ಕಳೆದೆ. ಈ ಲೇಖನ ಬರೆಯುತ್ತಿರುವುದೂ ಅದಕ್ಕೇ. ನಿಮಗೆ ಅಷ್ಟು ದಿನ ಹಿಡಿಯಬಾರದು.

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. 10 ಮೀಟರ್ ಏರ್ ಪಿಸ್ತೂಲ್‌ನ ಟಾರ್ಗೆಟ್ 170 ಮಿ.ಮೀ. ಚೌಕದ ಕಾಗದ. ನಡುವಿನ ಕಪ್ಪು ವೃತ್ತ 59.5 ಮಿ.ಮೀ. ಅದರೊಳಗಿನ 10ರ ವೃತ್ತ 11.5 ಮಿ.ಮೀ. ಅಂದರೆ ಹೆಚ್ಚು ಕಡಿಮೆ ಒಂದು ಶರ್ಟ್ ಗುಂಡಿಯಷ್ಟು. ಕೇಳಿದರೆ ಭಯ ಆಗುತ್ತದೆ ಅಲ್ವಾ? ಆದರೆ ಪೆಲೆಟ್, ಅಂದರೆ ಏರ್ ಪಿಸ್ತೂಲ್‌ನ ಪುಟ್ಟ ಗುಂಡು, 4.5 ಮಿ.ಮೀ. ದಪ್ಪ ಇದೆ. ಅದರ ಅಂಚು 10ರ ಗೆರೆಗೆ ತಾಗಿದರೂ 10 ಅಂಕ ಸಿಗುತ್ತದೆ. ಹಾಗಾಗಿ ಪೆಲೆಟ್‌ನ ನಡು ಕೇಂದ್ರದಿಂದ ಯಾವ ಕಡೆಗೆ 8 ಮಿ.ಮೀ. ಸರಿದರೂ ಅದು ಹತ್ತೇ. ಪಿಸ್ತೂಲ್ ನೇರವಾಗಿಯೇ ಇದ್ದು, ಕೈ ಪೂರ್ತಿಯಾಗಿ 5 ಮಿ.ಮೀ. ಪಕ್ಕಕ್ಕೆ ತೂಗಾಡಿದರೆ ಪೆಲೆಟ್ ಕೂಡ 5 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಅಂಕ ಹತ್ತೇ.

ಈಗ ಇನ್ನೊಂದು ಲೆಕ್ಕ. ಸೈಟ್ ಅಂದರೆ ಗುರಿ ಹಿಡಿಯಲು ಪಿಸ್ತೂಲ್ ಮೇಲೆ ಇರುವ ಗುರುತು. ಹಿಂದಿನದರಲ್ಲಿ ಒಂದು ಕಚ್ಚು ಇರುತ್ತದೆ, ಮುಂದಿನದು ನೆಟ್ಟಗಿನ ಕಡ್ಡಿ. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ ಸುಮಾರು 33 ಸೆಂ.ಮೀ. ಅಂತರ ಇರುತ್ತದೆ. 10 ಮೀಟರ್ ಅದರ 30 ಪಟ್ಟು. ಮಣಿಕಟ್ಟು ಒಂಚೂರು ಬಾಗಿ ಮುಂದಿನ ಸೈಟ್ ಬರೀ 1 ಮಿ.ಮೀ. ಸರಿದರೆ ಟಾರ್ಗೆಟ್ ಮೇಲೆ 30 ಮಿ.ಮೀ. ತಪ್ಪು. ಅಂಕ ಏಳು. ತೋಳು ತೂಗಾಡಿದ್ದನ್ನು ಟಾರ್ಗೆಟ್ ಕ್ಷಮಿಸುತ್ತದೆ, ಸೈಟ್ ಓರೆಯಾದದ್ದನ್ನು ಕ್ಷಮಿಸುವುದಿಲ್ಲ. ಸೈಟನ್ನು ಓರೆ ಮಾಡುವುದು ಬಹುಪಾಲು ನಮ್ಮ ತೋರುಬೆರಳೇ. ಮುಂದೆ ಹೇಳುವ ಅಭ್ಯಾಸಗಳೆಲ್ಲ ಈ ಒಂದು ವಿಷಯದ ಸುತ್ತಲೇ ಇವೆ.

ಶುರು ಮಾಡುವ ಮುಂಚೆ

ಪಿಸ್ತೂಲ್ ಕೊಳ್ಳಲು ಆತುರ ಬೇಡ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ಖಾಸಗಿ ಅಕಾಡೆಮಿಗಳೂ ಇವೆ. ಮೊದಲ ಎರಡು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಿರಿ. ನಿಮ್ಮ ಅಂಗೈಗೆ ಯಾವ ಅಳತೆಯ ಗ್ರಿಪ್ ಬೇಕು, ಎಷ್ಟು ತೂಕ ಸರಿಹೋಗುತ್ತದೆ ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, 4.5 ಮಿ.ಮೀ. ಮೀರದ ನಳಿಕೆಯ, 20 ಜೌಲ್ ಮೀರದ ಶಕ್ತಿಯ ಏರ್ ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಪಂದ್ಯದ ಏರ್ ಪಿಸ್ತೂಲ್‌ಗಳ ಶಕ್ತಿ ಇದಕ್ಕಿಂತ ತುಂಬಾ ಕೆಳಗೇ ಇರುತ್ತದೆ. ಅಂಗಡಿಯಲ್ಲಿ ಗುರುತಿನ ಚೀಟಿ, ವಿಳಾಸದ ದಾಖಲೆ ಕೊಡಬೇಕು. ಬಿಲ್ ಜೋಪಾನ ಮಾಡಿ, ಪಿಸ್ತೂಲ್ ಪೆಟ್ಟಿಗೆಯಲ್ಲೇ ಒಂದು ಪ್ರತಿ ಇಟ್ಟುಕೊಳ್ಳಿ.

ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಇದು ಆಟಿಕೆ ಅಲ್ಲ. ಸೀಸದ ಪೆಲೆಟ್ ಕಣ್ಣು ಕಳೆಯಬಲ್ಲದು. ಪಿಸ್ತೂಲ್ ಯಾವಾಗಲೂ ಲೋಡ್ ಆಗಿದೆ ಅಂತಲೇ ತಿಳಿದು ನಡೆದುಕೊಳ್ಳಿ. ನಳಿಕೆ ಟಾರ್ಗೆಟ್ ಕಡೆಗೇ ಇರಲಿ. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಹತ್ತಿರ ಬರಬಾರದು. ಮೇಜಿನ ಮೇಲೆ ಇಡುವಾಗ ನಳಿಕೆಯಲ್ಲಿ ಒಳಗೆ ಪೆಲೆಟ್ ಇಲ್ಲ ಅಂತ ತೋರಿಸುವ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್ ಇರಲೇಬೇಕು. ಯಾರಾದರೂ "ಸ್ಟಾಪ್" ಅಂದರೆ, ಹತ್ತು ಬರುವ ಹಾಗಿದ್ದರೂ ಕೈ ಇಳಿಸಿ. ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ, ಪೆಲೆಟ್ ಹಿಡಿದ ಕೈಗೆ ಸೀಸ ಅಂಟಿರುತ್ತದೆ. ಪಿಸ್ತೂಲ್‌ಗೆ ಜೋಡಿಸುವ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಅದರ ಮೇಲೆ ತಯಾರಾದ ತಾರೀಖು ಬರೆದಿರುತ್ತದೆ. ಹತ್ತು ವರ್ಷ ದಾಟಿದ ಸಿಲಿಂಡರ್ ಪಂದ್ಯಕ್ಕೆ ನಡೆಯುವುದಿಲ್ಲ, ಮನೆಯಲ್ಲೂ ಬಳಸಬೇಡಿ. ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಈ ತಾರೀಖನ್ನೇ ನೋಡಬೇಕು.

ನಿಲ್ಲುವುದು

ನಾನು ಬಲಗೈಯವರಿಗೆ ಹೇಳುತ್ತಿದ್ದೇನೆ, ಎಡಗೈಯವರು ತಿರುಗಿಸಿ ಓದಿಕೊಳ್ಳಿ. ಬಲಗಾಲು ಟಾರ್ಗೆಟ್ ಕಡೆಗಿರಲಿ, ಎಡಗಾಲು ಹಿಂದಿರಲಿ. ಕಾಲುಗಳ ನಡುವೆ ಭುಜದಷ್ಟು ಅಗಲ. ಭಾರ ಎರಡೂ ಪಾದಗಳ ಮೇಲೆ ಸಮ. ಮಂಡಿ ನೇರ, ಆದರೆ ಬಿಗಿ ಬೇಡ. ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿ ಅಥವಾ ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿ. ಸುಮ್ನೆ ಜೋತಾಡುವ ಕೈ ಮೈಯನ್ನೂ ತೂಗಿಸುತ್ತದೆ. ತಲೆ ನೆಟ್ಟಗಿರಲಿ. ಪಿಸ್ತೂಲ್ ಕಣ್ಣಿನ ಎತ್ತರಕ್ಕೆ ಬರಬೇಕೇ ಹೊರತು ಕಣ್ಣು ಪಿಸ್ತೂಲ್ ಕಡೆಗೆ ಬಗ್ಗಬಾರದು. ಶೂ ತೆಳು ಅಟ್ಟೆಯದ್ದು, ಸಮತಟ್ಟಾದದ್ದು ಸಾಕು. ಕಣಕಾಲು ಮುಚ್ಚುವ ಶೂಗೆ ಪಂದ್ಯದಲ್ಲಿ ಅವಕಾಶ ಇಲ್ಲ.

ಈಗ ಇಡೀ ನಿಲುವಿನ ಜೀವಾಳವಾದ ಅಭ್ಯಾಸ. ಕಣ್ಣು ಮುಚ್ಚಿ. ಪಿಸ್ತೂಲನ್ನು ಟಾರ್ಗೆಟ್‌ಗಿಂತ ಮೇಲೆ ಎತ್ತಿ, ನಿಧಾನಕ್ಕೆ ಇಳಿಸಿ, ತೋಳಿಗೆ ಹಾಯಾಗಿರುವ ಜಾಗದಲ್ಲಿ ನಿಲ್ಲಿಸಿ. ಕಣ್ಣು ಬಿಡಿ. ಸೈಟ್ ಎಲ್ಲಿದೆ? ಟಾರ್ಗೆಟ್‌ನ ಎಡಕ್ಕಿದ್ದರೆ ತೋಳನ್ನು ಬಲಕ್ಕೆ ತಳ್ಳಬೇಡಿ. ತಳ್ಳಿದರೆ ಸ್ನಾಯು ದುಡಿಯಬೇಕಾಗುತ್ತದೆ. ಹತ್ತನೇ ಶಾಟ್‌ಗೆ ಅದು ಸುಸ್ತಾಗಿ ಪಿಸ್ತೂಲ್ ಮತ್ತೆ ಎಡಕ್ಕೇ ಜಾರುತ್ತದೆ. ಬದಲಿಗೆ ಹಿಂದಿನ ಕಾಲನ್ನು ಕಾಲ್ಬೆರಳಿನ ಕಡೆಗೆ ಎರಡು ಸೆಂಟಿಮೀಟರ್ ಸರಿಸಿ. ಬಲಕ್ಕಿದ್ದರೆ ಹಿಮ್ಮಡಿಯ ಕಡೆಗೆ. ಮತ್ತೆ ಕಣ್ಣು ಮುಚ್ಚಿ, ಎತ್ತಿ, ನೋಡಿ. ಮೂರು ಸಲ ಸತತವಾಗಿ ಸೈಟ್ ತಾನಾಗಿಯೇ ಕಪ್ಪು ವೃತ್ತದ ಕೆಳಗೆ ಬಂದು ನಿಲ್ಲುವವರೆಗೆ ಪೆಲೆಟ್ ಮುಟ್ಟಬೇಡಿ. ಇಷ್ಟಕ್ಕೆ ಐದು ನಿಮಿಷ ಹೋಗುತ್ತದೆ. ಪ್ರತಿ ದಿನ ಆ ಐದು ನಿಮಿಷ ಕೊಡಿ. ಮನೆಯಲ್ಲಾದರೆ ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳಿ.

ಹಿಡಿತ

ಪಿಸ್ತೂಲನ್ನು ಎಡಗೈಯಿಂದ ನಳಿಕೆಯ ಹತ್ತಿರ ಹಿಡಿದು, ಬಲ ಅಂಗೈಯೊಳಕ್ಕೆ ಕೂರಿಸಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಗ್ರಿಪ್‌ನ ಹಿಂಬದಿಗೆ ಆದಷ್ಟು ಮೇಲಕ್ಕೆ ಹೋಗಿ ಕೂರಬೇಕು. ಒತ್ತಡ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನದ್ದು, ನೇರ ಹಿಂದಕ್ಕೆ. ಕಿರುಬೆರಳು, ಹೆಬ್ಬೆರಳು ಬರೀ ಜೊತೆಗಿರಬೇಕು. ತೋರುಬೆರಳು ಗ್ರಿಪ್‌ನ ಮರಕ್ಕೆ ಎಲ್ಲೂ ತಾಗಬಾರದು. ಮರಕ್ಕೂ ಬೆರಳಿಗೂ ನಡುವೆ ಒಂದು ಕಾಗದ ತೂರುವಷ್ಟಾದರೂ ಜಾಗ ಇರಲಿ.

ಎಷ್ಟು ಬಿಗಿ? ಕೈ ನಡುಗುವಷ್ಟು ಬಿಗಿಯಾಗಿ ಹಿಡಿಯಿರಿ. ಆಮೇಲೆ ನಡುಕ ನಿಲ್ಲುವವರೆಗೆ ಮಾತ್ರ ಸಡಿಲಿಸಿ. ಅಲ್ಲೇ ನಿಲ್ಲಿಸಿ. ಆ ಬಿಗಿ ಪಂದ್ಯದ 60 ಶಾಟ್‌ಗಳಿಗೂ ಒಂದೇ ಇರಬೇಕು. ಮಣಿಕಟ್ಟು ಗಟ್ಟಿಯಾಗಿ ನಿಂತಿರಬೇಕು. ನಿಯಮದ ಪ್ರಕಾರ ಮಣಿಕಟ್ಟಿಗೆ ಯಾವ ಆಧಾರವೂ ಸಿಗುವಂತಿಲ್ಲ. ವಾಚ್, ಕಡಗ ತೆಗೆದಿಡಿ.

ಗ್ರಿಪ್ ಒಂದು ಕಡೆ ಚುಚ್ಚುತ್ತಿದ್ದರೆ, ಇನ್ನೊಂದು ಕಡೆ ಪೊಳ್ಳು ಅನಿಸಿದರೆ ಸಹಿಸಿಕೊಂಡು ಹೋಗಬೇಡಿ. ಮರಳು ಕಾಗದ, ಮರದ ಪುಟ್ಟಿ ಇದಕ್ಕೇ ಇರುವುದು. ಆದರೆ ಉಜ್ಜುವ ಮುಂಚೆ ಕೋಚ್‌ಗೆ ತೋರಿಸಿ. ತೆಗೆದ ಮರ ವಾಪಸ್ ಬರುವುದಿಲ್ಲ.

ಕಣ್ಣು ಎಲ್ಲಿರಬೇಕು

ಮುಂದಿನ ಸೈಟ್ ಮೇಲೆ. ಟಾರ್ಗೆಟ್ ಮೇಲಲ್ಲ. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಮುಂದಿನ ಸೈಟ್‌ನ ಮೇಲಂಚು ಬ್ಲೇಡಿನ ಹಾಗೆ ಚೂಪಾಗಿ ಕಾಣಬೇಕು. ಹಿಂದಿನ ಸೈಟ್ ಒಂಚೂರು ಮಬ್ಬು, ಟಾರ್ಗೆಟ್ ಬೂದು ಮಸಿಯ ಉಂಡೆಯ ಹಾಗೆ ಮಬ್ಬು. ಹೊಸಬರಿಗೆ ಇದನ್ನು ಒಪ್ಪಿಕೊಳ್ಳುವುದೇ ಕಷ್ಟ, ಹೊಡೆಯಬೇಕಾದ್ದನ್ನೇ ನೋಡಬೇಡಿ ಅಂದರೆ ಹೇಗೆ? ಆದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಟಾರ್ಗೆಟ್ ನೋಡುತ್ತಾ ಕೂತರೆ ಸೈಟ್ 1 ಮಿ.ಮೀ. ಸರಿದದ್ದು ನಿಮಗೆ ಕಾಣುವುದೇ ಇಲ್ಲ.

ಹಿಂದಿನ ಸೈಟ್‌ನ ಕಚ್ಚಿನಲ್ಲಿ ಮುಂದಿನ ಸೈಟ್ ಕೂತಾಗ ಎರಡೂ ಪಕ್ಕದಲ್ಲಿ ಬೆಳಕಿನ ಸಂದು ಸಮ ಇರಬೇಕು, ಮೇಲಂಚು ಒಂದೇ ಮಟ್ಟ ಇರಬೇಕು. ಇದನ್ನು ಕಪ್ಪು ವೃತ್ತದ ನಡುವೆ ಹಿಡಿಯಬೇಡಿ, ಕಪ್ಪಿನಲ್ಲಿ ಕಪ್ಪು ಕಾಣದೆ ಹೋಗುತ್ತದೆ. ವೃತ್ತದ ಕೆಳಗೆ ಒಂದಿಷ್ಟು ಬಿಳಿ ಬಿಟ್ಟು ಹಿಡಿಯಿರಿ. ಪೆಲೆಟ್ ನಡುವೆ ಬೀಳುವ ಹಾಗೆ ಹಿಂದಿನ ಸೈಟ್ ತಿರುಗಿಸಿಕೊಂಡರೆ ಆಯಿತು. ಆ ಬಿಳಿ ಜಾಗ ಒಂದು ಚುಕ್ಕೆ ಅಲ್ಲ, ಒಂದು ಅಂಗಳ ಅಂದುಕೊಳ್ಳಿ. ಸೈಟ್ ಆ ಅಂಗಳದೊಳಗೆ ಓಡಾಡಿಕೊಂಡಿರಲಿ.

ಇನ್ನೊಂದು ಕಣ್ಣನ್ನು ಕಿವುಚಿ ಮುಚ್ಚಬೇಡಿ. ಮುಖದ ಸ್ನಾಯು ಬಿಗಿದರೆ ಗುರಿ ಹಿಡಿಯುವ ಕಣ್ಣೂ ದಣಿಯುತ್ತದೆ. ಕನ್ನಡಕಕ್ಕೋ ಟೋಪಿಗೋ 30 ಮಿ.ಮೀ. ಮೀರದ ಒಂದು ಬಿಳಿ ಪಟ್ಟಿ ಸಿಕ್ಕಿಸಿಕೊಳ್ಳಿ. ನಲವತ್ತು ದಾಟಿದವರಿಗೆ ಮುಂದಿನ ಸೈಟ್ ಮಬ್ಬಾಗುವುದು ಸಹಜ. ಕಣ್ಣಿನ ಡಾಕ್ಟರ ಬಳಿ ಹೋದಾಗ ಓದುವ ದೂರ ಹೇಳಬೇಡಿ. ತೋಳು ಚಾಚಿದಾಗ ಕಣ್ಣಿನಿಂದ ಮುಂದಿನ ಸೈಟ್‌ವರೆಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದು, ಆ ಅಂಕಿ ಹೇಳಿ.

ಟ್ರಿಗರ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಓದುತ್ತಿರುವಾಗಲೇ ಒಂದು ಕೆಲಸ ಮಾಡಿ. ಬಲಗೈಯನ್ನು ಪಿಸ್ತೂಲ್ ಹಿಡಿದ ಹಾಗೆ ಮಡಚಿ, ತೋರುಬೆರಳು ಮಾತ್ರ ಹೊರಗಿಡಿ. ಎಡಗೈಯಿಂದ ಬಲಗೈಯ ಉಂಗುರ ಬೆರಳನ್ನು ಮೆತ್ತಗೆ ಮುಟ್ಟಿಕೊಳ್ಳಿ. ಈಗ ತೋರುಬೆರಳನ್ನು ಜೋರಾಗಿ ಮಡಚಿ. ಉಂಗುರ ಬೆರಳೂ ಬಿಗಿಯಿತು ಅಲ್ವಾ? ಪಿಸ್ತೂಲ್ ಹಿಡಿದಾಗಲೂ ಆಗುವುದು ಇದೇ. ಟ್ರಿಗರ್ ಕಿತ್ತಾಗ ಇಡೀ ಮುಷ್ಟಿ ಹಿಂಡುತ್ತದೆ, ನಳಿಕೆ ಕೆಳಕ್ಕೆ, ಎಡಕ್ಕೆ ಬಾಗುತ್ತದೆ. ಬಲಗೈಯವರ ಟಾರ್ಗೆಟ್‌ನಲ್ಲಿ ಪೆಲೆಟ್‌ಗಳು ಏಳೂವರೆ ಗಂಟೆಯ ಮುಳ್ಳಿನ ಕಡೆ ಗುಂಪುಗೂಡಿದ್ದರೆ ಸೈಟ್‌ನ ಮೇಲೆ ಅನುಮಾನ ಪಡುವ ಮೊದಲು ಬೆರಳಿನ ಮೇಲೆ ಪಡಿ.

ಈಗ ಅದೇ ಬೆರಳನ್ನು ನಿಧಾನವಾಗಿ, ಉಂಗುರ ಬೆರಳು ಸ್ವಲ್ಪವೂ ಬಿಗಿಯದ ಹಾಗೆ ಮಡಚಿ. ಆಗುತ್ತದೆ. ಕಲಿಯಬೇಕಾದದ್ದು ಇಷ್ಟೇ, ಆದರೆ ಇದಕ್ಕೆ ತಿಂಗಳುಗಟ್ಟಲೆ ಬೇಕು. ಬಸ್ಸಿನಲ್ಲಿ ಕೂತಾಗ, ಟಿವಿ ನೋಡುವಾಗ ಮಾಡುತ್ತಿರಿ. ಪಿಸ್ತೂಲ್ ಬೇಕಾಗಿಲ್ಲ.

ಏರ್ ಪಿಸ್ತೂಲ್‌ನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಪಂದ್ಯದ ಮುಂಚೆ ತೂಕದ ಗುಂಡು ನೇತುಹಾಕಿ ಪರೀಕ್ಷೆ ಮಾಡುತ್ತಾರೆ. 500ಕ್ಕೆ ಸರಿಯಾಗಿ ಇಡಬೇಡಿ, 510 ಅಥವಾ 520ಕ್ಕೆ ಇಡಿ. ಟ್ರಿಗರ್‌ನಲ್ಲಿ ಎರಡು ಹಂತ ಇರುತ್ತದೆ. ಮೊದಲ ಹಂತ ಮೆತ್ತಗೆ ಹಿಂದೆ ಬಂದು ಒಂದು ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಎರಡನೆಯ ಹಂತದಲ್ಲಿ ಒತ್ತಿದರೆ ಸಿಡಿಯುತ್ತದೆ. ಭಾರದ ದೊಡ್ಡ ಪಾಲನ್ನು ಮೊದಲ ಹಂತಕ್ಕೆ ಹಾಕಿಸಿಕೊಳ್ಳಿ. ಪಿಸ್ತೂಲ್ ಇಳಿಸುತ್ತಿರುವಾಗಲೇ ಮೊದಲ ಹಂತ ಮುಗಿದಿರಬೇಕು. ಅಂಗಳಕ್ಕೆ ಬಂದ ಮೇಲೆ ಉಳಿದದ್ದು ಸಣ್ಣ ಕೆಲಸ.

ಬೆರಳಿನ ಮೊದಲ ಗಿಣ್ಣಿನ ಮುಂದಿನ ಮೆತ್ತೆ ಟ್ರಿಗರ್ ಮೇಲೆ ಇರಲಿ. ಒತ್ತಡ ನೇರ ಹಿಂದಕ್ಕೆ, ಕೂಡಿಕೊಂಡು ಹೋಗುತ್ತಲೇ ಇರಬೇಕು. ಸೈಟ್ ಅಂಗಳದಲ್ಲಿ ಓಡಾಡುತ್ತಿದೆ, ಬೆರಳು ತನ್ನ ಪಾಡಿಗೆ ಒತ್ತುತ್ತಿದೆ, ಯಾವಾಗಲೋ ಸಿಡಿಯಿತು. ಶಾಟ್ ಹೀಗಾಗಬೇಕು. "ಈಗ!" ಅಂತ ಮನಸ್ಸು ಹೇಳಿ ಸಿಡಿಸಿದ ಶಾಟ್ ಹತ್ತಾದರೂ ಅದನ್ನು ಒಳ್ಳೆಯ ಶಾಟ್ ಅಂತ ಲೆಕ್ಕಕ್ಕೆ ತಗೋಬೇಡಿ. ನಾಳೆ ಅದೇ ಏಳಾಗುತ್ತದೆ.

ಒಂದು ಶಾಟ್, ಶುರುವಿನಿಂದ ಕೊನೆಯವರೆಗೆ

ಪೆಲೆಟ್ ಹಾಕಿ. ಎರಡು ಸಲ ಆರಾಮಾಗಿ ಉಸಿರಾಡಿ. ಮೂರನೆಯ ಉಸಿರು ಎಳೆಯುತ್ತಾ ಪಿಸ್ತೂಲನ್ನು ಟಾರ್ಗೆಟ್‌ಗಿಂತ ಮೇಲಕ್ಕೆ ಎತ್ತಿ. ಅರ್ಧ ಉಸಿರು ಬಿಡುತ್ತಾ ಇಳಿಸಿ, ಮೊದಲ ಹಂತ ಒತ್ತಿ, ಕಪ್ಪನ್ನು ದಾಟಿ ಕೆಳಗಿನ ಬಿಳಿಗೆ ಬನ್ನಿ. ಉಸಿರು ತಾನಾಗಿ ನಿಲ್ಲುತ್ತದೆ. ಕಣ್ಣು ಮುಂದಿನ ಸೈಟ್‌ಗೆ. ಬೆರಳು ಒತ್ತುತ್ತಿರಲಿ. ಸೈಟ್ ಅಂಗಳಕ್ಕೆ ಬಂದು ನಾಲ್ಕರಿಂದ ಎಂಟು ಸೆಕೆಂಡಿನೊಳಗೆ ಸಿಡಿಯಬೇಕು. ಹತ್ತು ಸೆಕೆಂಡ್ ದಾಟಿದರೆ ಕೈ ಇಳಿಸಿ, ಬೇರೆ ಯೋಚನೆಯೇ ಬೇಡ. ಅಷ್ಟು ಹೊತ್ತಿಗೆ ತೋಳು ದಣಿದಿರುತ್ತದೆ. ಕಣ್ಣು ಹಳೆಯ ಚಿತ್ರವನ್ನೇ ಹಿಡಿದುಕೊಂಡಿರುತ್ತದೆ. ಎಲ್ಲ ಸರಿ ಇದೆ ಅಂತ ಅನಿಸುತ್ತದೆ, ಇರುವುದಿಲ್ಲ.

ಸಿಡಿದ ಮೇಲೆ ಎರಡು ಸೆಕೆಂಡ್ ಹಾಗೇ ಇರಿ. ಕಣ್ಣು ಸೈಟ್ ಮೇಲೆ, ಬೆರಳು ಹಿಂದಕ್ಕೇ. ಅಂಕ ತೋರಿಸುವ ಮಾನಿಟರ್ ನೋಡುವ ಆಸೆಗೆ ಕತ್ತು ತಿರುಗಿಸಿದರೆ ಪೆಲೆಟ್ ಇನ್ನೂ ನಳಿಕೆಯಲ್ಲಿರುವಾಗಲೇ ಕೈ ಕೆಳಗಿಳಿಯಲು ಶುರುವಾಗಿರುತ್ತದೆ. ಪಂದ್ಯದಲ್ಲಿ 60 ಶಾಟ್‌ಗೆ 75 ನಿಮಿಷ. ಒಂದಕ್ಕೆ ಒಂದೂಕಾಲು ನಿಮಿಷ ಆಯಿತು. ಅವಸರಕ್ಕೆ ಕಾರಣವೇ ಇಲ್ಲ.

ಅಭ್ಯಾಸಗಳು

ಎಲ್ಲಕ್ಕಿಂತ ಮೊದಲು ಬಿಳಿ ಗೋಡೆ. ಮನೆಯಲ್ಲಿ ಗಟ್ಟಿ ಗೋಡೆಯ ಎದುರು, ಬಾಗಿಲು ಇಲ್ಲದ ಕಡೆ ನಿಂತುಕೊಳ್ಳಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ. ನಳಿಕೆ ಖಾಲಿ ಅಂತ ಎರಡು ಸಲ ನೋಡಿ. ಈಗಿನ ಪಂದ್ಯದ ಪಿಸ್ತೂಲ್‌ಗಳಲ್ಲಿ ಗಾಳಿ ಖರ್ಚಾಗದೆ ಟ್ರಿಗರ್ ಮಾತ್ರ ಕೆಲಸ ಮಾಡುವ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ. ಗೋಡೆಯ ಮೇಲೆ ಟಾರ್ಗೆಟ್ ಅಂಟಿಸಬೇಡಿ. ಟಾರ್ಗೆಟ್ ಇಲ್ಲದಿದ್ದರೆ ಕಣ್ಣಿಗೆ ಓಡಿಹೋಗಲು ಜಾಗ ಇರುವುದಿಲ್ಲ, ಸೈಟ್ ಮೇಲೇ ಉಳಿಯುತ್ತದೆ. 30 ಸಲ ಮಾಡಿ. ಟ್ರಿಗರ್ ಕಟ್ ಅಂದಾಗ ಮುಂದಿನ ಸೈಟ್ ಕಚ್ಚಿನೊಳಗೆ ಹಾರಿತೇ? ಹಾರಿದರೆ ಎತ್ತ? ಆ ಒಂದನ್ನೇ ನೋಡಿ. ನನ್ನ ಮಟ್ಟಿಗೆ ಭಾನುವಾರ 200 ಪೆಲೆಟ್ ಸುಡುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷದ ಈ ಗೋಡೆ ದೊಡ್ಡದು. ನಳಿಕೆಯ ಮೇಲ್ಭಾಗ ಸಮತಟ್ಟಾಗಿದ್ದರೆ, ಮುಂದಿನ ಸೈಟ್ ಹಿಂದೆ ಒಂದು ರೂಪಾಯಿ ನಾಣ್ಯ ಇಟ್ಟುಕೊಂಡು ಮಾಡಿ. ಹತ್ತು ಸಲ ನಾಣ್ಯ ಬೀಳದಿದ್ದರೆ ಬೆರಳು ದಾರಿಗೆ ಬಂದಿದೆ ಅಂತ.

ಎರಡನೆಯದು ಬರೀ ಹಿಡಿದು ನಿಲ್ಲುವುದು. ಎತ್ತಿ, ಸೈಟ್ ಜೋಡಿಸಿ, 15 ಸೆಕೆಂಡ್ ಹಿಡಿಯಿರಿ. 45 ಸೆಕೆಂಡ್ ವಿರಾಮ. ಹತ್ತು ಸಲ. ತಿಂಗಳು ಕಳೆದ ಮೇಲೆ 20 ಸೆಕೆಂಡ್, ಆಮೇಲೆ 30. ಭುಜ ನೋಯುತ್ತಿದ್ದರೆ ಅವತ್ತಿಗೆ ಬಿಡಿ. ಪಿಸ್ತೂಲ್ ಇಲ್ಲದವರು ಒಂದು ಲೀಟರ್ ನೀರಿನ ಬಾಟಲಿಯ ಕುತ್ತಿಗೆ ಹಿಡಿದು ಮಾಡಿದರೂ ಭುಜ ಗಟ್ಟಿಯಾಗುತ್ತದೆ.

ರೇಂಜ್‌ನಲ್ಲಿ ಪೆಲೆಟ್ ಹಾಕಿದಾಗಲೂ ಮೊದಲು ಟಾರ್ಗೆಟ್ ಕಾಗದವನ್ನು ಹಿಂದುಮುಂದು ತಿರುಗಿಸಿ ಹಾಕಿ. ಖಾಲಿ ಬಿಳಿ ಹಾಳೆ. ನಡುವೆ ಅಂತ ಅಂದಾಜಿಗೆ ಹಿಡಿದು ಹತ್ತು ಹೊಡೆಯಿರಿ. ಅಂಕಗಳೇ ಇಲ್ಲ, ನೋಡಬೇಕಾದ್ದು ಗುಂಪು ಎಷ್ಟು ಹತ್ತಿರ ಬಿತ್ತು ಅನ್ನೋದನ್ನು ಮಾತ್ರ. ಚಪ್ಪಟೆ ಮೂತಿಯ ಪೆಲೆಟ್ ಕಾಗದವನ್ನು ಕತ್ತರಿಸಿದ ಹಾಗೆ ದುಂಡಗೆ ತೂತು ಮಾಡುತ್ತದೆ, ಸ್ಕೇಲ್ ಇಟ್ಟು ಅಳೆಯಬಹುದು. ತುಂಬಾ ಜನರಿಗೆ ಖಾಲಿ ಹಾಳೆಯ ಗುಂಪು ಟಾರ್ಗೆಟ್‌ನ ಗುಂಪಿಗಿಂತ ಚಿಕ್ಕದಾಗಿ ಬರುತ್ತದೆ. ಹತ್ತಕ್ಕೆ ಹೊಡೆಯುವ ಆಸೆ ಇಲ್ಲದಿದ್ದಾಗ ಬೆರಳು ಹೇಗೆ ಸುಮ್ನಿರುತ್ತದೆ ನೋಡಿ.

ಟ್ರಿಗರ್ ಕೀಳುವ ರೋಗ ಇದ್ದವರಿಗೆ ಜೊತೆಗಾರರ ಸಹಾಯ ಬೇಕು. ಅವರು ಪ್ರತಿ ಸಲ ನಿಮ್ಮ ಪಿಸ್ತೂಲ್ ತಗೊಂಡು, ಕೆಲವು ಸಲ ಪೆಲೆಟ್ ಹಾಕಿ, ಕೆಲವು ಸಲ ಡ್ರೈ ಫೈರ್‌ಗೆ ಇಟ್ಟು, ಯಾವುದು ಅಂತ ಹೇಳದೆ ಕೈಗೆ ಕೊಡಬೇಕು. ಗಾಳಿ ಸಿಡಿಯದ ಶಾಟ್‌ನಲ್ಲಿ ನಳಿಕೆ ಕೆಳಕ್ಕೆ ಕುಕ್ಕುವುದು ಬರಿಗಣ್ಣಿಗೇ ಕಾಣುತ್ತದೆ. ನಾನು ಮೊದಲ ಸಲ ಇದನ್ನು ಮಾಡಿದಾಗ ಹತ್ತರಲ್ಲಿ ಆರು ಖಾಲಿ ಇದ್ದವು, ಆರಕ್ಕೂ ನಳಿಕೆ ಕುಕ್ಕಿತ್ತು. ಅಲ್ಲಿಯವರೆಗೆ ಸೈಟ್ ಸರಿ ಇಲ್ಲ ಅಂತಲೇ ನಂಬಿದ್ದೆ.

ಇನ್ನು ಕೈ ಇಳಿಸುವ ಅಭ್ಯಾಸ. ಇದನ್ನು ಬಹಳ ಕಡಿಮೆ ಜನ ಮಾಡುತ್ತಾರೆ, ಪಂದ್ಯ ಉಳಿಸುವುದು ಇದೇ. ಹತ್ತು ಸಲ ಎತ್ತಿ, ಅದರಲ್ಲಿ ಮೂರು ಸಲ, ಎಲ್ಲ ಸರಿ ಇದ್ದರೂ, ಬೇಕೆಂದೇ ಶಾಟ್ ಬಿಟ್ಟು ಕೈ ಇಳಿಸಿ. ಇಳಿಸುವುದು ಸೋಲಲ್ಲ ಅನ್ನೋದು ಮೈಗೆ ಗೊತ್ತಾಗಬೇಕು. ಇಲ್ಲದಿದ್ದರೆ ಪಂದ್ಯದ ದಿನ, ಎತ್ತಿದ್ದೇನಲ್ಲ, ಹೊಡೆದುಬಿಡೋಣ ಅಂತ ಬೆರಳು ತಾನೇ ತೀರ್ಮಾನ ಮಾಡುತ್ತದೆ.

ಕೊನೆಯದು ಕಾಲ್ ಮಾಡುವುದು. ಸಿಡಿದ ಕೂಡಲೇ, ಮಾನಿಟರ್ ನೋಡುವ ಮುಂಚೆ, ಪೆಲೆಟ್ ಎಲ್ಲಿ ಹೋಯಿತು ಅಂತ ಹೇಳಿ: "ಒಂಬತ್ತು, ಬಲಕ್ಕೆ." ಆಮೇಲೆ ನೋಡಿ. ಹೇಳಿದ್ದೂ ಬಿದ್ದದ್ದೂ ಒಂದೇ ಆದರೆ ನಿಮ್ಮ ಕಣ್ಣು ಸೈಟ್ ಮೇಲಿತ್ತು. ಹತ್ತು ಅಂದುಕೊಂಡದ್ದು ಎಂಟಾಗಿದ್ದರೆ ಸಿಡಿಯುವ ಕ್ಷಣದಲ್ಲಿ ಕಣ್ಣು ಬೇರೆಲ್ಲೋ ಇತ್ತು. ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಮಾಡಿ ಬರೆಯಿರಿ. ಮೂರು ತಿಂಗಳ ಆ ಪುಸ್ತಕ ಯಾವ ಕೋಚ್‌ಗಿಂತ ಕಡಿಮೆ ಇಲ್ಲ. ಪಿಸ್ತೂಲ್‌ನ ಚಲನೆಯನ್ನು ಗೆರೆ ಎಳೆದು ತೋರಿಸುವ ಸ್ಕ್ಯಾಟ್‌ನಂಥ ಎಲೆಕ್ಟ್ರಾನಿಕ್ ಉಪಕರಣಗಳೂ ಇವೆ. ಒಳ್ಳೆಯವೇ. ಆದರೆ ಮೊದಲ ವರ್ಷಕ್ಕೆ ಈ ನೋಟ್‌ಬುಕ್ ಸಾಕು.

ವಾರಕ್ಕೆ ಹೇಗೆ ಹಂಚಿಕೊಳ್ಳುವುದು? ಕೆಲಸಕ್ಕೆ ಹೋಗುವವರು ಐದು ದಿನ ಮನೆಯಲ್ಲಿ ಗೋಡೆ ಮತ್ತು ಹಿಡಿತ, ಎರಡು ದಿನ ರೇಂಜ್ ಅಂತ ಇಟ್ಟುಕೊಳ್ಳಿ. ರೇಂಜ್‌ನ ಒಂದು ದಿನ ಖಾಲಿ ಹಾಳೆ, ಕಾಲ್, ಜೊತೆಗಾರರ ಅಭ್ಯಾಸ. ಇನ್ನೊಂದು ದಿನ ಗಡಿಯಾರ ಇಟ್ಟು ಪೂರ್ತಿ 60 ಶಾಟ್. ಒಂದೊಂದು ಸಲ ಫೈನಲ್ ಥರ ಮಾಡಿ. ಜೊತೆಗಾರರು "ಲೋಡ್" ಅನ್ನಲಿ, ಐದು ಸೆಕೆಂಡ್ ಬಿಟ್ಟು "ಸ್ಟಾರ್ಟ್" ಅನ್ನಲಿ. 50 ಸೆಕೆಂಡಿನೊಳಗೆ ಒಂದು ಶಾಟ್. ಹಿಂದೆ ನಾಲ್ಕು ಜನ ನಿಂತು ಮಾತಾಡುತ್ತಿದ್ದರೆ ಇನ್ನೂ ಒಳ್ಳೆಯದು.

ಪಂದ್ಯದ ದಿನ

ಅರ್ಹತಾ ಸುತ್ತಿನಲ್ಲಿ 60 ಶಾಟ್, ಒಟ್ಟು 600 ಅಂಕ. 2018ರಿಂದ ಮಹಿಳೆಯರಿಗೂ 60 ಶಾಟ್‌ಗಳೇ. ಶುರುವಿಗೆ ಮುಂಚೆ 15 ನಿಮಿಷ ತಯಾರಿಗೆ, ಸೈಟ್ ಸರಿ ನೋಡಿಕೊಳ್ಳಲು ಸಿಗುತ್ತದೆ. ಇಲ್ಲಿ ಪೂರ್ಣ ಅಂಕ ಮಾತ್ರ ಲೆಕ್ಕ. ಫೈನಲ್‌ನಲ್ಲಿ ದಶಮಾಂಶ ಬರುತ್ತದೆ, ಒಂದು ಶಾಟ್‌ಗೆ ಹೆಚ್ಚೆಂದರೆ 10.9.

ದಶಮಾಂಶ ಇಲ್ಲ ಅಂತ ಹತ್ತರ ಒಳಗಿನದ್ದನ್ನು ಕಡೆಗಣಿಸಬೇಡಿ. ಹತ್ತರ ನಡುವೆ 5 ಮಿ.ಮೀ.ನ ಒಳವೃತ್ತ ಇದೆ. ಅಂಕ ಸಮವಾದಾಗ ಆ ಒಳಗಿನ ಹತ್ತುಗಳನ್ನು ಎಣಿಸುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಸರಬ್‌ಜೋತ್ ಸಿಂಗ್ 577 ಹೊಡೆದರು. ಫೈನಲ್‌ಗೆ ಕೊನೆಯದಾದ ಎಂಟನೆಯ ಸ್ಥಾನ ಹಿಡಿದ ಜರ್ಮನಿಯ ರಾಬಿನ್ ವಾಲ್ಟರ್ ಅವರದ್ದೂ 577. ಸರಬ್‌ಜೋತ್‌ಗೆ ಒಳಗಿನ ಹತ್ತು 16, ವಾಲ್ಟರ್‌ಗೆ 17. ಆ ಒಂದರಿಂದ ಫೈನಲ್ ತಪ್ಪಿತು. ಕೆಲವೇ ದಿನಗಳಲ್ಲಿ ಅವರು ಮನು ಭಾಕರ್ ಜೊತೆ ಮಿಶ್ರ ತಂಡದಲ್ಲಿ ಕಂಚು ಗೆದ್ದರು. ಮನು ಅವರದ್ದೂ ನೆನಪಿಡಬೇಕಾದ ಕಥೆ. ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆ ಪಿಸ್ತೂಲ್ ಕೆಟ್ಟು ಅಮೂಲ್ಯ ನಿಮಿಷಗಳು ಹೋದವು, ಫೈನಲ್ ಸಿಗಲಿಲ್ಲ. ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ 221.7 ಅಂಕದೊಂದಿಗೆ ಕಂಚು, ಚಿನ್ನ-ಬೆಳ್ಳಿ ತೀರ್ಮಾನವಾಗುವ ಸುತ್ತಿಗೆ ಹೋಗಲು 0.1 ಕಡಿಮೆ. ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಹ್ಯಾಂಗ್‌ಝೌನ ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ತಂಡ ಮತ್ತು ಮಿಶ್ರ ತಂಡ ಎರಡರಲ್ಲೂ ಬೆಳ್ಳಿ ತಂದರು. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ನೀವು ಅಭ್ಯಾಸ ಮಾಡುವ ಊರಿನಿಂದಲೇ ಹೋದವರು ಇವರು.

ಹಿಂದಿನ ರಾತ್ರಿಯೇ ಪೆಟ್ಟಿಗೆ ಸಿದ್ಧ ಮಾಡಿ: ತುಂಬಿದ ಎರಡು ಸಿಲಿಂಡರ್, ಎಲೆಕ್ಟ್ರಾನಿಕ್ ಟ್ರಿಗರ್ ಆದರೆ ಹೊಸ ಬ್ಯಾಟರಿ, ಸಣ್ಣ ಸ್ಕ್ರೂಡ್ರೈವರ್, ಸೇಫ್ಟಿ ಫ್ಲ್ಯಾಗ್, ಯಾವಾಗಲೂ ಬಳಸುವ ಪೆಲೆಟ್. ಹೊಸ ಪೆಲೆಟ್ ಪರೀಕ್ಷೆ ಮಾಡುವ ದಿನ ಅದಲ್ಲ. ಬೆಳಗ್ಗೆ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ದಿನಾ ಕುಡಿಯುವಷ್ಟೇ ಕುಡಿಯಿರಿ. ಜಾಸ್ತಿಯೂ ಬೇಡ, ಬಿಡುವುದೂ ಬೇಡ.

ಸೈಟ್ ತಿರುಗಿಸುವ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಮೊದಲ ದೊಡ್ಡ ಪಂದ್ಯದಲ್ಲಿ ಮೊದಲ ಹತ್ತು ಶಾಟ್‌ಗೆ 94 ಬಂತು. ಹದಿಮೂರನೆಯದು ಎಡಕ್ಕೆ ಏಳು. ಗಾಬರಿಯಾಗಿ ಸೈಟ್ ಮೂರು ಕ್ಲಿಕ್ ತಿರುಗಿಸಿದೆ. ಮುಂದಿನ ನಾಲ್ಕು ಬಲಕ್ಕೆ ಹೋದವು. ವಾಪಸ್ ತಿರುಗಿಸಿದೆ, ಎಷ್ಟು ತಿರುಗಿಸಿದ್ದೆ ಅಂತ ಮರೆತಿತ್ತು. ಹತ್ತತ್ತು ಶಾಟ್‌ಗಳ ಮೂರು ಸರಣಿ ಅದರಲ್ಲೇ ಹೋಯಿತು. ಆ ಏಳು ಸೈಟ್‌ನದ್ದಲ್ಲ, ನನ್ನ ಬೆರಳಿನದ್ದು. ಕಾಲ್ ಮಾಡುವ ಅಭ್ಯಾಸ ಇದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಹಾಗಾಗಿ ಒಂದು ಶಾಟ್ ನೋಡಿ ಎಂದೂ ಸೈಟ್ ಮುಟ್ಟಬೇಡಿ. ಚೆನ್ನಾಗಿ ಸಿಡಿದ ಐದು ಶಾಟ್‌ಗಳ ಗುಂಪು ಒಂದೇ ಕಡೆಗೆ ಬಿದ್ದಿದ್ದರೆ ಮಾತ್ರ ತಿರುಗಿಸಿ. ತಿರುಗಿಸಿದ ಕ್ಲಿಕ್‌ಗಳನ್ನು ಅಲ್ಲೇ ಬರೆದುಕೊಳ್ಳಿ.

ಕೆಟ್ಟ ಶಾಟ್ ಬಿದ್ದರೆ ಪಿಸ್ತೂಲ್ ಮೇಜಿನ ಮೇಲಿಡಿ. ಒಂದು ಗುಟುಕು ನೀರು ಕುಡಿಯಿರಿ. ಕಣ್ಣು ಮುಚ್ಚಿ ಒಂದು ಸಲ ಎತ್ತಿ, ಇಳಿಸಿ, ಕಣ್ಣು ಬಿಟ್ಟು ಸೈಟ್ ಎಲ್ಲಿದೆ ನೋಡಿ. ಬಹಳ ಸಲ ಅಷ್ಟು ಹೊತ್ತಿಗೆ ಕಾಲು ಜಾಗ ಬಿಟ್ಟಿರುತ್ತದೆ. ಸರಿಪಡಿಸಿಕೊಂಡು, ಎರಡು ಉಸಿರು ತಗೊಂಡು, ಮುಂದಿನ ಪೆಲೆಟ್ ಹಾಕಿ. ಅರವತ್ತನೆಯದು ಆದ ಮೇಲೆ ನಳಿಕೆಗೆ ಫ್ಲ್ಯಾಗ್ ಹಾಕಿ, ರೇಂಜ್ ಅಧಿಕಾರಿ ನೋಡುವವರೆಗೆ ಕಾಯಿರಿ. ಪಿಸ್ತೂಲ್ ಪೆಟ್ಟಿಗೆಗೆ ಹೋದ ಮೇಲೆ, ಫಲಿತಾಂಶದ ಹಲಗೆಯ ಹತ್ತಿರ ಹೋಗುವ ಮುಂಚೆ, ನೋಟ್‌ಬುಕ್ ತೆಗೆದು ಅವತ್ತಿನ ಕಾಲ್‌ಗಳಲ್ಲಿ ಎಷ್ಟು ಸರಿ ಬಂದವು ಅಂತ ಬರೆದಿಡಿ.